ಸೋಸಿದರೂ ಶುದ್ಧವಾಗದ ನೀರು

ನಮ್ಮ ಮನೆಗಳಲ್ಲಿ ನೀರನ್ನು ಸೋಸದೆ ಕುಡಿಯುವ ರೂಢಿ ಇಲ್ಲ. ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಹಾಕಿ ನೀರು ಸುರಿಯುವುದು, ಬಟ್ಟೆಯಲ್ಲಿ ನಿಂತದ್ದನ್ನು ಯಾವ ಬಾವಿಯಿಂದ ತಂದೆವೋ ಅದೇ ಬಾವಿಗೆ ಮೆಲ್ಲನೆ ಇಳಿಸಿ ಬರುವುದು, ಆಮೇಲೆ ಕಾಯಿಸಿ ಆರಿಸಿ ಇಡುವುದು, ಇವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹುಳು, ಕಸ, ಕ್ರಿಮಿಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಇಂದಿನ ಡಾಕ್ಟರುಗಳೂ ಹೇಳಲಾರರು. ಆದರೆ ಬಟ್ಟೆಗೆ ಸಿಕ್ಕದೆ, ಬೆಂಕಿಗೆ ಜಗ್ಗದೆ, ನೀರಿನಲ್ಲಿ ಕರಗಿಯೇ ಇರುವ ಕೊಳೆ ಒಂದಿದೆ. ಅದು ಲೋಹದ ಕಾರ್ಖಾನೆಗಳ ಕೊಳೆ. ನೆಲದೊಳಗಿನ ನೀರಿಗೆ ಅದು ಸೇರಿದ ಮೇಲೆ ತೆಗೆಯಲು ಬರುತ್ತದೆಯೇ, ಬರುವುದಾದರೆ ಹೇಗೆ, ಎಷ್ಟು ಕಾಲ ಬೇಕು, ಖರ್ಚು ಯಾರದು? ಕಳೆದ ಒಂದು ವರ್ಷದಿಂದ ನಮ್ಮ ಕುಟುಂಬದಲ್ಲಿ ಇದೇ ಮಾತು ನಡೆದಿರುವುದರಿಂದ, ತಿಳಿದುಕೊಂಡಷ್ಟನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಾನು ಮೆಟ್ರಿಕ್ ವರೆಗೆ ಓದಿದವನು. ರಾಯದುರ್ಗದಲ್ಲಿ ನಮ್ಮದು ತಂದೆಯವರ ಕಾಲದ ದಿನಸಿ ಮತ್ತು ಗ್ರಂಧಿಗೆ ಅಂಗಡಿ. ಬೆಲ್ಲ, ಹುಣಸೆ, ಇಂಗು, ಪಟಿಕ, ಅನ್ನಭೇದಿ, ಪೂಜಾ ಸಾಮಾನು ಎಲ್ಲ ಉಂಟು. ಬಹಳ ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ರಸಾಯನಶಾಸ್ತ್ರದ ಗಂಧ ಎಲ್ಲಿಂದ ಬರಬೇಕು? ಆದರೂ ಈ ವಿಷಯದಲ್ಲಿ ನನ್ನ ಅಂಗಡಿಯ ಸಾಮಾನೇ ನನಗೆ ಅರ್ಥ ಮಾಡಿಸಿತು. ಅದನ್ನು ಮುಂದೆ ಹೇಳುತ್ತೇನೆ.

ಮಾತು ಮೊದಲಾದದ್ದು ಮಡಕಶಿರದಿಂದ. ಅಲ್ಲಿ ನಮ್ಮ ಅಕ್ಕನ ಮನೆ. 2022ರ ಏಪ್ರಿಲ್‌ನಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ; ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಆದರೆ ನಮ್ಮ ಬಾಯಲ್ಲಿ ಇನ್ನೂ ಎರಡೂ ಅನಂತಪುರ ಜಿಲ್ಲೆಯೇ. ಭಾವನವರು ಕಾಲವಾದ ಮೇಲೆ ಅಕ್ಕನ ಮಗನೇ ಜಮೀನು ನೋಡಿಕೊಳ್ಳುತ್ತಾನೆ. ಊರ ಹೊರಗೆ ರಸ್ತೆಯ ಪಕ್ಕ ಮೂರು ಎಕರೆ. ಒಂದು ಹಳೆಯ ಬಾವಿ, ಒಂದು ಬೋರು. ಕಡಲೆಕಾಯಿ ಹಾಕಿದ ವರ್ಷ ಮಳೆ ಇಲ್ಲ, ಮಳೆ ಬಂದ ವರ್ಷ ಧಾರಣೆ ಇಲ್ಲ. ಹೀಗಿರುವಾಗ ಬೆಂಗಳೂರಿನಿಂದ ಒಬ್ಬರು ದಲ್ಲಾಳಿಯ ಮೂಲಕ ಬಂದರು. ಅವರದು ಲೋಹದ ಸಾಮಾನಿಗೆ ಪ್ಲೇಟಿಂಗ್ ಮಾಡುವ ಘಟಕ. ಅಲ್ಲಿ ಬಾಡಿಗೆ ಹೆಚ್ಚಾಗಿದೆ, ಕಾನೂನು ಬಿಗಿಯಾಗಿದೆ, ಇಲ್ಲಿಗೆ ಬರುತ್ತೇವೆ, ಹದಿನೈದು ವರ್ಷಕ್ಕೆ ಗುತ್ತಿಗೆ ಕೊಡಿ ಎಂದರು. ಹೇಳಿದ ಬಾಡಿಗೆ ಕಡಲೆಕಾಯಿಯ ಉತ್ಪತ್ತಿಯ ಎಷ್ಟೋ ಪಾಲು ಹೆಚ್ಚು. ಅಳಿಯ ಫೋನಿನಲ್ಲಿ "ಮಾವ, ತಾವು ಒಂದು ಸಲ ಬಂದು ಮಾತಾಡಿ ಮುಗಿಸಿಕೊಡಿ. ಸಾಲ ತೀರಿಹೋಗುತ್ತೆ" ಎಂದ. ಕರಾರುಪತ್ರದಲ್ಲಿ ಪ್ಲೇಟಿಂಗ್ ಎಂದು ಬರೆಯಬಾರದು, 'ಬಿಡಿಭಾಗಗಳ ಘಟಕ' ಎಂದು ಬರೆಯೋಣ ಎಂದು ದಲ್ಲಾಳಿ ಹೇಳಿದ್ದಾನೆ ಎಂದೂ ಸೇರಿಸಿದ. ವ್ಯಾಪಾರದಲ್ಲಿ ಸರಕಿನ ಹೆಸರು ಮರೆಮಾಚಿದರೆ ನನಗೆ ಕೂಡಲೇ ಕಿವಿ ನೆಟ್ಟಗಾಗುತ್ತದೆ.

ಪ್ಲೇಟಿಂಗ್ ಎಂದಾಗ ನನಗೆ ನೆನಪಾದದ್ದು ಬೆಂಗಳೂರಿನ ಪೀಣ್ಯದ ಬದಿಯಲ್ಲಿರುವ ಮಗಳ ಮನೆ. ಕಾವೇರಿ ನೀರಿನ ಕೊಳಾಯಿ ಬರುವವರೆಗೂ ಅವರ ಬಡಾವಣೆಗೆ ಬೋರಿನ ನೀರೇ ಗತಿಯಾಗಿತ್ತು. ಕೆಲವು ವರ್ಷಗಳ ಹಿಂದೆ ಆ ನೀರಿಗೆ ನಿಂಬೆ ಪಾನಕದಂಥ ತೆಳು ಹಳದಿ ಬಂತು. ವಾಸನೆ ಇಲ್ಲ, ಬಾಯಿಗೆ ಇಟ್ಟರೆ ವ್ಯತ್ಯಾಸ ತಿಳಿಯುವಂತಿಲ್ಲ. ಮಗಳು ನಮ್ಮ ಪದ್ಧತಿಯಂತೆ ಸೋಸಿದಳು, ಕಾಯಿಸಿದಳು. "ಅಪ್ಪಾಜಿ, ಕಾಯಿಸಿದಷ್ಟೂ ಹಳದಿ ಹೆಚ್ಚಾಗ್ತಾ ಇದೆ" ಎಂದು ಹೇಳಿದ್ದಳು. ಅದು ಸಹಜವೇ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ. ಬಡಾವಣೆಯವರು ಸೇರಿ ನೀರನ್ನು ಪರೀಕ್ಷೆಗೆ ಕೊಟ್ಟಾಗ ಕ್ರೋಮಿಯಂ ಮಿತಿ ಮೀರಿದೆ ಎಂದು ಬಂತು. ಯಾವ ಘಟಕದಿಂದ ಬಂತು ಎಂದು ಇಂದಿನವರೆಗೂ ಯಾರಿಗೂ ಖಚಿತವಾಗಿಲ್ಲ.

ಪೀಣ್ಯದ ಕಥೆ ಗುಟ್ಟಿನದೇನಲ್ಲ. 1970ರ ದಶಕದಲ್ಲಿ ಬೆಳೆಯತೊಡಗಿದ ಆ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಘಟಕಗಳು ಬಂದವು. ಪ್ಲೇಟಿಂಗ್ ಮಾಡುವವೂ ಅವುಗಳಲ್ಲಿ ಬಹಳ. ಅಲ್ಲಿಯ ಬೋರುಗಳ ನೀರಿನಲ್ಲಿ ಕ್ರೋಮಿಯಂ ಇರುವುದನ್ನು ಸರ್ಕಾರದ ಅಂತರ್ಜಲ ಇಲಾಖೆಯವರೂ ವಿಶ್ವವಿದ್ಯಾಲಯದವರೂ ಪರೀಕ್ಷಿಸಿ ಬರೆದಿದ್ದಾರೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೆಟ್ಟ ಕೈಗಾರಿಕಾ ಪ್ರದೇಶಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಮಂಗಳೂರು, ಭದ್ರಾವತಿ, ರಾಯಚೂರು, ಬೀದರ್‌ಗಳ ಜೊತೆ ಪೀಣ್ಯದ ಹೆಸರೂ ಇತ್ತು. ಅಲ್ಲಿಯ ಒಂದು ಮಗ್ಗುಲಿನ ನೀರು ವೃಷಭಾವತಿಗೆ ಇಳಿಯುತ್ತದೆ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಮೇಲೆ ಹರಿಯುವ ನೀರಾದರೂ ಕಣ್ಣಿಗೆ ಕಾಣುತ್ತದೆ. ನೆಲದೊಳಗೆ ಇಂಗಿದ್ದು ಯಾವ ಬಂಡೆಯ ಬಿರುಕಿನಲ್ಲಿ ಎತ್ತ ಹೋಯಿತು ಎಂದು ಯಾರು ಕಂಡರು?

ಇಲ್ಲಿ ಪ್ಲೇಟಿಂಗ್ ಎಂದರೇನು ಎಂದು ಒಂದು ಮಾತು. ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಲ್ಲ, ಹಾಗೆ ಕಬ್ಬಿಣ ಹಿತ್ತಾಳೆಗಳ ಮೇಲೆ ಬೇರೆ ಲೋಹದ ತೆಳು ಪದರ ಕೂರಿಸುವುದು. ನಲ್ಲಿ, ಬಾಗಿಲ ಹಿಡಿ, ಮೋಟಾರು ಸೈಕಲ್ಲಿನ ಭಾಗ, ಎಲ್ಲದರ ಹೊಳಪಿಗೂ ಕ್ರೋಮಿಯಂ ಬೇಕು. ತೊಟ್ಟಿಯಲ್ಲಿ ಕ್ರೋಮಿಕ್ ಆಮ್ಲದ ದ್ರಾವಣ ಇಟ್ಟು, ಸಾಮಾನನ್ನು ಅದರಲ್ಲಿ ತೂಗುಹಾಕಿ ವಿದ್ಯುತ್ ಹರಿಸುತ್ತಾರೆ. ಆಮೇಲೆ ನೀರಿನಲ್ಲಿ ಅದ್ದಿ ತೊಳೆಯುತ್ತಾರೆ. ಆ ತೊಳೆದ ನೀರೇ ಹಳದಿ ನೀರು. ಹಣ ಇದ್ದವರು, ಮನಸ್ಸು ಇದ್ದವರು ಅದನ್ನು ಶುದ್ಧಿ ಮಾಡುತ್ತಾರೆ. ಇಲ್ಲದವರು ಚರಂಡಿಗೆ ಬಿಡುತ್ತಾರೆ, ಇನ್ನೂ ಕೆಲವರು ನೀರಿಲ್ಲದ ಹಳೆ ಬೋರಿಗೇ ಇಳಿಸುತ್ತಾರೆ ಎಂಬ ದೂರು ದೇಶದಲ್ಲಿ ಹಲವು ಕಡೆ ಕೇಳಿಬಂದಿದೆ. ತೊಟ್ಟಿಯ ಆಮ್ಲದ ಹಬೆಯಲ್ಲೇ ನಿಂತು ದುಡಿಯುವ ಕೂಲಿಯವರಿಗೆ ಮೂಗಿನ ನಡುವಿನ ಗೋಡೆ ತೂತು ಬೀಳುವುದು, ಚರ್ಮದಲ್ಲಿ ಮಾಯದ ಹುಣ್ಣಾಗುವುದು ಬಹು ಹಿಂದಿನಿಂದ ವೈದ್ಯರಿಗೆ ಗೊತ್ತಿದೆ. ಉಸಿರಿನಲ್ಲಿ ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದೂ ಸಿದ್ಧವಾಗಿದೆ.

ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದೆಂದು ನಮ್ಮ ದೇಶದ ನಿಯಮ. ಈ ಅಂಕಿ ಓದಿದಾಗ ನನಗೇನೂ ತಿಳಿಯಲಿಲ್ಲ. ತಕ್ಕಡಿಯ ಲೆಕ್ಕಕ್ಕೆ ತಂದೆ. ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಒಂದು ತೊಲ, ಅಂದರೆ ಹನ್ನೊಂದೂ ಮುಕ್ಕಾಲು ಗ್ರಾಂಗೆ ಸ್ವಲ್ಪ ಕಡಿಮೆ, 2 ಲಕ್ಷ 33 ಸಾವಿರ ಲೀಟರನ್ನು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 38 ಟ್ಯಾಂಕರ್ ತುಂಬಿ ಮಿಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತ ನಮ್ಮ ಕಡೆಯ ಜನಕ್ಕೆ 38 ಟ್ಯಾಂಕರ್ ಎಂದರೆ ಏನೆಂದು ಹೇಳಬೇಕಾಗಿಲ್ಲ.

ಮಗಳ ಬೀದಿಯಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಒಬ್ಬರಿದ್ದಾರೆ. ಅಳಿಯನ ಫೋನು ಬಂದ ಮೇಲೆ ನಾನು ಬೆಂಗಳೂರಿಗೆ ಹೋಗಿ ಅವರ ಮುಂದೆ ಕುಳಿತೆ. "ಈ ನೀರನ್ನು ಸರಿ ಮಾಡೋಕೆ ಆಗುತ್ತಾ ಮೇಷ್ಟ್ರೇ?" ಎಂದೆ. ಅವರು ಮರುಪ್ರಶ್ನೆ ಹಾಕಿದರು. "ನಿಮ್ಮ ಅಂಗಡೀಲಿ ಅನ್ನಭೇದಿ ಇದೆಯಾ?"

ಇದೆ. ಹಸಿರು ಹರಳು, ಗಾಳಿಗೆ ಬಿಟ್ಟರೆ ಕಂದುಗಟ್ಟುತ್ತದೆ. ಹಿಂದೆ ಮಸಿ ಮಾಡಲು, ಬಟ್ಟೆಗೆ ಬಣ್ಣ ಹಾಕಲು ಒಯ್ಯುತ್ತಿದ್ದರು. ಈಗ ತೋಟದವರು ಗಿಡ ಹಳದಿಯಾದಾಗ ಕೇಳಿಕೊಂಡು ಬರುತ್ತಾರೆ. ಅದು ಕಬ್ಬಿಣದ ಲವಣ. ಮೇಷ್ಟ್ರು ಹೇಳಿದ್ದು ಇಷ್ಟು. ಕ್ರೋಮಿಯಂ ಲೋಹಕ್ಕೆ ಮುಖ್ಯವಾಗಿ ಎರಡು ರೂಪ. ಒಂದು ಹಳದಿ, ಅದನ್ನು ಆರರದ್ದು ಎನ್ನುತ್ತಾರೆ. ಅದು ನೀರಿನಲ್ಲಿ ಚೆನ್ನಾಗಿ ಕರಗಿ ನೀರು ಹೋದಲ್ಲೆಲ್ಲ ಹೋಗುತ್ತದೆ, ವಿಷವೂ ಅದೇ. ಇನ್ನೊಂದು ಹಸಿರು, ಮೂರರದ್ದು. ಸಾಧಾರಣ ನೀರಿನಲ್ಲಿ ಅದು ಕರಗದೆ ಗಸಿಯಾಗಿ ಕೂತು ಮಣ್ಣಿಗೆ ಅಂಟುತ್ತದೆ, ಅದರ ವಿಷವೂ ಬಹಳ ಕಡಿಮೆ. ಅನ್ನಭೇದಿಯಲ್ಲಿರುವ ಕಬ್ಬಿಣ ಹಳದಿಯದನ್ನು ಹಸಿರಿನದಕ್ಕೆ ತಿರುಗಿಸುತ್ತದೆ. ಪ್ಲೇಟಿಂಗ್ ಘಟಕದೊಳಗೇ ತೊಳೆದ ನೀರನ್ನು ಶುದ್ಧ ಮಾಡುವ ಹಳೆಯ ವಿಧಾನ ಇದೇ. ನೀರನ್ನು ಹುಳಿ ಮಾಡಿ, ಅನ್ನಭೇದಿಯನ್ನೋ ಸೋಡಿಯಂ ಬೈಸಲ್ಫೈಟನ್ನೋ ಹಾಕಿ, ಬಣ್ಣ ತಿರುಗಿದ ಮೇಲೆ ಸುಣ್ಣ ಬೆರೆಸಿ, ಗಸಿ ಇಳಿದ ಮೇಲೆ ಅದನ್ನು ಹಿಂಡಿ, ಅಪಾಯಕಾರಿ ಕಸ ಹೂಳಲೆಂದೇ ಮಾಡಿದ ಜಾಗಕ್ಕೆ ಕಳಿಸಬೇಕು. ಬೆಂಗಳೂರಿನ ಕಡೆಯವರಿಗೆ ದಾಬಸ್‌ಪೇಟೆಯ ಬಳಿ ಅಂಥ ತಾಣ ಮಾಡಲಾಗಿದೆ.

ಗಮನಿಸಿ, ಲೋಹ ಎಲ್ಲಿಯೂ ನಾಶವಾಗಲಿಲ್ಲ. ದ್ರವ್ಯ ಉಳಿಯುತ್ತದೆ, ಪರ್ಯಾಯ ಬದಲಾಗುತ್ತದೆ ಎಂದು ನಮ್ಮ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಾಯಿತು. ನಮ್ಮ ರಾಯದುರ್ಗದ ಬೆಟ್ಟದಲ್ಲಿ ರಸಸಿದ್ಧರದೆಂದು ಜನ ಹೇಳುವ ಗವಿಗಳಿವೆ, ಬಂಡೆಯ ಮೇಲೆ ಕೆತ್ತಿದ ಮೂರ್ತಿಗಳೂ ಇವೆ. ಒಂದು ಲೋಹವನ್ನು ಇನ್ನೊಂದು ಮಾಡುವ ಸಿದ್ಧರು ಅಲ್ಲಿದ್ದರೆಂದು ಚಿಕ್ಕಂದಿನಲ್ಲಿ ಕಥೆ ಕೇಳಿದ್ದೆವು. ಇದು ಅಂಥ ಪವಾಡವಲ್ಲ. ಕ್ರೋಮಿಯಂ ಕ್ರೋಮಿಯಮ್ಮಾಗಿಯೇ ಇರುತ್ತದೆ, ಓಡಾಡುವುದನ್ನು ಮಾತ್ರ ನಿಲ್ಲಿಸುತ್ತದೆ.

ತೊಟ್ಟಿಯಲ್ಲಿರುವ ನೀರಿಗೆ ಇದು ಒಂದು ದಿನದ ಕೆಲಸ. ಅದೇ ನೀರು ನೆಲಕ್ಕೆ ಇಂಗಿದ ಮೇಲೆ ಹತ್ತಾರು ವರ್ಷದ ಕೆಲಸ. ಮೊದಲು ಮಾಡಬೇಕಾದದ್ದು ಸೋರುವ ಜಾಗವನ್ನು ಮುಚ್ಚುವುದು. ಘಟಕದ ತಳದಲ್ಲಿ ವಿಷ ಕುಡಿದ ಮಣ್ಣನ್ನು ಅಗೆದು ಸಾಗಿಸುವುದು. ಅಷ್ಟಾಗದೆ ಮುಂದಿನದೆಲ್ಲ ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಆಮೇಲೆ ಬೋರುಗಳಿಂದ ಕೆಟ್ಟ ನೀರನ್ನು ಎತ್ತಿ ಶುದ್ಧಿ ಮಾಡುವುದು. ಮೊದಮೊದಲು ಬಣ್ಣ ಬೇಗ ಇಳಿಯುತ್ತದಂತೆ, ಎಲ್ಲರಿಗೂ ಸಂತೋಷ. ಪಂಪು ನಿಲ್ಲಿಸಿ ಕೆಲವು ತಿಂಗಳಾದರೆ ಮತ್ತೆ ಏರುತ್ತದೆ. ಇದಕ್ಕೆ ಮೇಷ್ಟ್ರು ಏನೇನೋ ಇಂಗ್ಲಿಷ್ ಹೆಸರು ಹೇಳಿದರು. ನನಗೆ ಹೊಳೆದದ್ದು ಇಂಗಿನ ಡಬ್ಬಿ. ಸೀಗೆಪುಡಿ ಹಾಕಿ ತೊಳೆಯಿರಿ, ಬಿಸಿಲಿಗೆ ಇಡಿ, ವಾಸನೆ ಹೋಯಿತು ಎಂದು ಮುಚ್ಚಳ ಹಾಕಿ. ವಾರ ಬಿಟ್ಟು ತೆಗೆದರೆ ಮತ್ತೆ ಅದೇ ಇಂಗು. ಜೇಡಿಮಣ್ಣಿನ ಪದರಗಳಲ್ಲಿ, ಬಂಡೆಯ ಸಣ್ಣ ಬಿರುಕುಗಳಲ್ಲಿ ಹೊಕ್ಕ ಲೋಹ ಹಾಗೆಯೇ ಸ್ವಲ್ಪಸ್ವಲ್ಪ ಬಿಡುತ್ತಲೇ ಇರುತ್ತದೆ.

ಆದ್ದರಿಂದ ಔಷಧವನ್ನು ನೆಲದೊಳಕ್ಕೇ ಕಳಿಸುವ ಉಪಾಯ ಕಂಡುಹಿಡಿದಿದ್ದಾರೆ. ಬೋರುಗಳ ಮೂಲಕ ಕಬ್ಬಿಣದ ಲವಣ ಇಳಿಸುವುದು ಒಂದು. ಇನ್ನೊಂದನ್ನು ಕೇಳಿ ನಾನು ನಕ್ಕುಬಿಟ್ಟೆ. ಕಾಕಂಬಿ! ಹೌದು, ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ನೀರಿಗೆ ಬೆರೆಸಿ ನೆಲದೊಳಗೆ ಬಿಡುತ್ತಾರೆ. ಅಲ್ಲಿರುವ ಸೂಕ್ಷ್ಮಜೀವಿಗಳು ಸಿಹಿ ತಿಂದು ಬೆಳೆದು ಸುತ್ತಲ ಪ್ರಾಣವಾಯುವನ್ನು ಮುಗಿಸುತ್ತವೆ. ಆ ಸ್ಥಿತಿಯಲ್ಲಿ ಹಳದಿ ಕ್ರೋಮಿಯಂ ಹಸಿರಿಗೆ ತಿರುಗುತ್ತದೆ. ಕಾನ್ಪುರದ ನೌರೈಯಾಖೇಡಾದಲ್ಲಿ ನೆಲದೊಳಕ್ಕೆ ಔಷಧ ಬಿಟ್ಟು ಕ್ರೋಮಿಯಂ ತಿರುಗಿಸುವ ಪ್ರಯೋಗವನ್ನು ನಮ್ಮ ದೇಶದಲ್ಲೇ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಉತ್ತರ ಕ್ಯಾರೊಲಿನಾದ ಎಲಿಜಬೆತ್ ಸಿಟಿ ಎಂಬಲ್ಲಿ, ಕರಾವಳಿ ಕಾವಲು ಪಡೆಯ ಒಂದು ಕ್ರೋಮ್ ಪ್ಲೇಟಿಂಗ್ ಶೆಡ್ಡಿನಿಂದ ವಿಷ ಸೋರಿ ನದಿಯ ಕಡೆ ಹೊರಟಿತ್ತು. 1996ರಲ್ಲಿ ಅದರ ದಾರಿಗೆ ಅಡ್ಡವಾಗಿ ಸುಮಾರು 150 ಅಡಿ ಉದ್ದ, 24 ಅಡಿ ಆಳ, 2 ಅಡಿ ದಪ್ಪದ ಕಂದಕ ತೋಡಿ ಕಬ್ಬಿಣದ ಪುಡಿ ತುಂಬಿದರು. ನೀರು ಆ ಕಬ್ಬಿಣದ ಗೋಡೆಯ ಒಳಗೆ ಹಾದು ಹೊರಬರುವಾಗ ಕ್ರೋಮಿಯಂ ಅಲ್ಲೇ ನಿಂತಿತು. ಬಟ್ಟೆಯಲ್ಲಿ ಸೋಸುವವರಾದ ನಮಗೆ ಇದು ಮೆಚ್ಚಿಗೆಯಾಗುವ ಉಪಾಯ. ಆದರೆ ಅಲ್ಲಿಯದು ಸಮುದ್ರದ ಬದಿಯ ಮರಳು ನೆಲ. ಪೀಣ್ಯದ್ದಾಗಲಿ, ಮಡಕಶಿರದ್ದಾಗಲಿ, ನಮ್ಮ ರಾಯದುರ್ಗದ್ದಾಗಲಿ ಗಟ್ಟಿ ಬಂಡೆ. ಬಂಡೆಯ ಬಿರುಕಿನಲ್ಲಿ ನೀರು ಹಾವಿನಂತೆ ಹರಿಯುವಾಗ ಗೋಡೆಯನ್ನು ಎಲ್ಲಿ ಕಟ್ಟುವುದು? ಕಾಕಂಬಿ ಬಿಟ್ಟರೂ ಬೇಕಾದ ಬಿರುಕಿಗೇ ಹೋಗುತ್ತದೆಂಬ ನಂಬಿಕೆ ಇಲ್ಲ. ಹೋದರೂ ಸ್ವಲ್ಪ ಕಾಲ ಬಂಡೆಯೊಳಗಿನ ಕಬ್ಬಿಣ, ಮ್ಯಾಂಗನೀಸುಗಳು ಕರಗಿ ನೀರಿಗೆ ಬರುತ್ತವೆ. ಆದ್ದರಿಂದ ಯಾರೂ ಇದನ್ನು ಓದಿ ತಮ್ಮ ಬಾವಿಗೆ ಬೆಲ್ಲವನ್ನೋ ಅನ್ನಭೇದಿಯನ್ನೋ ಸುರಿಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದು ತಿಳಿದವರು, ಸುತ್ತ ನಾಲ್ಕು ಕಡೆ ಬೋರು ತೋಡಿ ನೀರು ನೋಡುತ್ತ ಮಾಡಬೇಕಾದ ಕೆಲಸ.

ಕಾಲ ಎಷ್ಟು ಎಂಬುದಕ್ಕೆ ಎರಡು ಊರುಗಳ ಹೆಸರು ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಸಣ್ಣ ಊರಿನಲ್ಲಿ ಗ್ಯಾಸ್ ಕೊಳವೆಯ ಕಂಪನಿಯೊಂದು 1952ರಿಂದ 1966ರವರೆಗೆ ತುಕ್ಕು ಹಿಡಿಯದಿರಲೆಂದು ಕ್ರೋಮಿಯಂ ಬಳಸಿ, ಆ ನೀರನ್ನು ತಳಕ್ಕೆ ಏನೂ ಹಾಸದ ಹೊಂಡಗಳಿಗೆ ಬಿಟ್ಟಿತು. ಊರಿನವರು ಮೊಕದ್ದಮೆ ಹೂಡಿ 1996ರಲ್ಲಿ 33 ಕೋಟಿ 30 ಲಕ್ಷ ಡಾಲರಿಗೆ ರಾಜಿಯಾಯಿತು. 2000ದಲ್ಲಿ ಸಿನಿಮಾವೂ ಬಂತು. ಆದರೆ ಶುದ್ಧಿಯ ಕೆಲಸ ಇನ್ನೂ ಮುಗಿದಿಲ್ಲ. ಹದಿನಾಲ್ಕು ವರ್ಷ ಸುರಿದದ್ದನ್ನು ಅದರ ಎಷ್ಟೋ ಪಟ್ಟು ಕಾಲದಿಂದ ತೆಗೆಯುತ್ತಲೇ ಇದ್ದಾರೆ. ಅಲ್ಲಿ ಒಂದು ಸೊಗಸಾದ ಕ್ರಮ ಉಂಟು. ಕೆಟ್ಟ ನೀರನ್ನು ಎತ್ತಿ ಕುದುರೆಮೆಂತೆ ಮೇವಿನ ಹೊಲಕ್ಕೆ ಹಾಯಿಸುತ್ತಾರೆ. ಬೇರಿನ ಸುತ್ತಲ ಗೊಬ್ಬರದ ಮಣ್ಣು ಕ್ರೋಮಿಯಂ ಅನ್ನು ತಿರುಗಿಸಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಊರು ನಮ್ಮ ಪಕ್ಕದ್ದೇ, ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯ ರಾಣಿಪೇಟೆ. ಅಲ್ಲಿ ಕ್ರೋಮೇಟ್ ಕಾರ್ಖಾನೆಯೊಂದು ಸುಮಾರು ಇಪ್ಪತ್ತು ವರ್ಷ ನಡೆದು 1990ರ ದಶಕದ ನಡುವೆ ಮುಚ್ಚಿತು. ಹಿಂದೆ ಬಿಟ್ಟು ಹೋದದ್ದು ಲಕ್ಷ ಟನ್ನಿಗೂ ಮಿಕ್ಕಿದ ಕ್ರೋಮಿಯಂ ಕಸದ ಗುಡ್ಡೆ. ಮಳೆ ಬಂದರೆ ಹಳದಿ ನೀರು. 2006ರಲ್ಲಿ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಅತ್ಯಂತ ಕೆಟ್ಟ ಹತ್ತು ಜಾಗಗಳ ಪಟ್ಟಿ ಮಾಡಿದಾಗ ರಾಣಿಪೇಟೆ ಅದರಲ್ಲಿತ್ತು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿದ ಮೇಲೂ ಗುಡ್ಡೆ ಕದಲಿರಲಿಲ್ಲ.

ಖರ್ಚಿನ ಮಾತಿಗೆ ಬಂದರೆ ಕಾನೂನು ನಮ್ಮಲ್ಲಿ ಸ್ಪಷ್ಟವಾಗಿಯೇ ಇದೆ. ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಗ್ರಾಮದಲ್ಲಿ ಬಣ್ಣದ ರಾಸಾಯನಿಕ ಮಾಡುವ ಕಾರ್ಖಾನೆಗಳ ಕೊಳೆಯಿಂದ ಬಾವಿಗಳು ಕೆಟ್ಟವು. 1996ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ಕೆಡಿಸಿದವನೇ ಶುದ್ಧಿಯ ಖರ್ಚನ್ನು ಕೊಡಬೇಕೆಂದು ತೀರ್ಪು ಕೊಟ್ಟಿತು. ಶುದ್ಧಿಗೆ ನಿಗದಿಯಾದ ಮೊತ್ತ 37 ಕೋಟಿ 38 ಲಕ್ಷ ಚಿಲ್ಲರೆ. ಕಂಪನಿಯವರು ಅರ್ಜಿಯ ಮೇಲೆ ಅರ್ಜಿ ಹಾಕಿ ಎಳೆದರು. 2011ರಲ್ಲಿ ಕೋರ್ಟು, 1997ರ ನವೆಂಬರ್‌ನಿಂದ ಶೇಕಡಾ 12ರ ಚಕ್ರಬಡ್ಡಿ ಸೇರಿಸಿ ಕೊಡಿ ಎಂದಿತು. ಶೇಕಡಾ 12ರ ಚಕ್ರಬಡ್ಡಿಯಲ್ಲಿ ಅಸಲು ಸುಮಾರು 6 ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ನಮ್ಮ ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಹದಿನೈದು ವರ್ಷ ಬಿಛ್ರಿಯ ಬಾವಿಗಳು ಯಾವ ಬಡ್ಡಿ ತಿಂದವು? ಅದೂ ಅಲ್ಲಿ ಕೆಡಿಸಿದವರು ಯಾರೆಂದು ಗೊತ್ತಿತ್ತು. ನೂರಾರು ಸಣ್ಣ ಘಟಕಗಳಿದ್ದು, ಕೆಲವು ಬಾಗಿಲು ಹಾಕಿ, ಕೆಲವು ಹೆಸರು ಬದಲಿಸಿ, ಕೆಲವು ಬೇರೆ ಊರಿಗೆ ಹೋಗಿರುವ ಪೀಣ್ಯದಂಥ ಕಡೆ ಬಿಲ್ಲನ್ನು ಯಾರ ಹೆಸರಿಗೆ ಬರೆಯುವುದು?

ಮಗಳ ಬಡಾವಣೆಯಲ್ಲಿ ನಾನು ಕಂಡ ಇನ್ನೊಂದು ಸಂಗತಿ ಹೇಳಲೇಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಆರಂಭವಾದ ಮೇಲೆ ಅವರ ಕಡೆಗೂ ನದಿಯ ನೀರು ಬಂತು. ಬೋರಿಗೆ ಮುಚ್ಚಳ ಬಿತ್ತು. ಅದರ ಜೊತೆಗೆ ಮಾತಿಗೂ ಮುಚ್ಚಳ ಬಿತ್ತು. ಮೊದಲು ಪ್ರತಿ ಭಾನುವಾರ ಸಭೆ ಸೇರುತ್ತಿದ್ದವರು ಈಗ ಆ ಬೋರಿನ ನೀರು ಏನಾಯಿತೆಂದು ಕೇಳುವುದಿಲ್ಲ. ನಮ್ಮ ಅನಂತಪುರ ಸೀಮೆಯಲ್ಲೂ ಬಹುಕಾಲದಿಂದ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದುಗಟ್ಟಿದವರು, ಬೆನ್ನು ಬಾಗಿದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ! 1995ರಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯಿಂದ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ಬಂದದ್ದು ದೊಡ್ಡ ಉಪಕಾರ. ಆದರೆ ಫ್ಲೋರೈಡ್ ಬಂಡೆಯಿಂದ ಬಂದದ್ದು, ಅದಕ್ಕೆ ಬೇರೆ ನೀರು ತರುವುದೇ ಉಪಾಯ. ಮನುಷ್ಯ ಸುರಿದ ಲೋಹಕ್ಕೂ ಅದೇ ಉಪಾಯ ಸಾಕೆಂದು ಸುಮ್ಮನಾದರೆ ನೆಲದೊಳಗಿನದು ಪಕ್ಕದವನ ಬಾವಿಗೆ ನಡೆದುಕೊಂಡು ಹೋಗುತ್ತದೆ. ಮನೆಗೆ ಆರ್.ಓ. ಯಂತ್ರ ಹಾಕಿಸಿದವರೂ ಇದೇ ಮಾತು ಯೋಚಿಸಬೇಕು. ಯಂತ್ರ ಕ್ರೋಮಿಯಮ್ಮನ್ನು ಬಹುಮಟ್ಟಿಗೆ ತೆಗೆಯುತ್ತದೆ, ನಿಜ. ತೆಗೆದದ್ದು ಅದು ಹೊರಚೆಲ್ಲುವ ನೀರಿನಲ್ಲಿ ಮತ್ತೆ ಮೋರಿಗೇ ಹೋಗುತ್ತದೆ.

ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬೆಂಗಳೂರಿನಿಂದ ಮಡಕಶಿರಕ್ಕೆ ಹೋದೆ. ಅಳಿಯನಿಗೆ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಬರುವುದು ನನಗೆ ಸರಿಕಾಣಲಿಲ್ಲ. ಸಾಲ ಅವನ ತಲೆಯ ಮೇಲಿದೆ, ನನ್ನ ತಲೆಯ ಮೇಲಲ್ಲ. ಹಾಗೆಂದು ಪ್ಲೇಟಿಂಗ್ ಮಾಡುವವರೆಲ್ಲ ಕೆಟ್ಟವರೆಂದೂ ನಾನು ಹೇಳುವುದಿಲ್ಲ; ನಮ್ಮ ಸ್ನಾನದ ಮನೆಯ ನಲ್ಲಿ ಹೊಳೆಯುವುದು ಅವರ ದುಡಿಮೆಯಿಂದಲೇ. ಆದ್ದರಿಂದ ಮೇಷ್ಟ್ರಿಂದ ತಿಳಿದು ಬರೆದಿದ್ದ ಷರತ್ತುಗಳನ್ನು ಅವನ ಮುಂದಿಟ್ಟೆ. ಕರಾರಿನಲ್ಲಿ ಕಸುಬಿನ ಹೆಸರು ಇದ್ದದ್ದು ಇದ್ದಂತೆ ಬರೆಯಬೇಕು, ಮಾಲಿನ್ಯ ಮಂಡಳಿಯ ಅನುಮತಿ ಮೊದಲು ತೋರಿಸಬೇಕು. ಆಮ್ಲದ ತೊಟ್ಟಿಗಳು ನೆಲದಿಂದ ಮೇಲಿರಬೇಕು, ತಳ ಸೋರಿದರೆ ಕಣ್ಣಿಗೆ ಕಾಣಬೇಕು. ತೊಳೆದ ನೀರು ಒಂದು ಹನಿಯೂ ಹೊರಗೆ ಬರಕೂಡದು. ಗಸಿಯನ್ನು ಹೂಳುವ ತಾಣಕ್ಕೆ ಕಳಿಸಿದ ರಸೀದಿಯ ನಕಲು ಪ್ರತಿ ಸಲ ನಮಗೆ ಕೊಡಬೇಕು. ಆರು ತಿಂಗಳಿಗೊಮ್ಮೆ ನಮ್ಮ ಬಾವಿಯದೂ ಪಕ್ಕದ ಇಬ್ಬರು ರೈತರ ಬೋರುಗಳದೂ ನೀರನ್ನು ಅವರ ಖರ್ಚಿನಲ್ಲಿ ಪರೀಕ್ಷಿಸಬೇಕು. ಗುತ್ತಿಗೆ ಮುಗಿದ ಮೇಲೂ ಐದು ವರ್ಷ ಒಂದು ಠೇವಣಿ ಬ್ಯಾಂಕಿನಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಇರಬೇಕು.

ಅಳಿಯ ಓದಿ "ಮಾವ, ಇದನ್ನು ನೋಡಿದರೆ ಅವರು ಓಡಿಹೋಗ್ತಾರೆ" ಎಂದ. ಅಕ್ಕ ಒಳಗಿನಿಂದಲೇ "ಓಡಿಹೋಗೋರು ಯಾಕೆ ಓಡಿಹೋಗ್ತಾರೆ ಅಂತ ಕೇಳೋ" ಎಂದಳು. ಬೆಂಗಳೂರಿನವರು ಮುಂದಿನ ವಾರ ಬಂದರು. ಒಳ್ಳೆಯ ಮಾತಿನವರೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಾಗದವನ್ನು ಎರಡು ಸಲ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಜಮಾನರೇ, ಇಷ್ಟೆಲ್ಲ ಮಾಡೋ ಶಕ್ತಿ ಇದ್ದಿದ್ರೆ ನಾನು ಬೆಂಗಳೂರಲ್ಲೇ ಇರ್ತಿದ್ದೆ" ಎಂದರು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳಿ ಸಹಿ ಹಾಕಿ ಹೋಗಬಹುದಿತ್ತು, ಹಾಕಲಿಲ್ಲ. ಕಾಫಿ ಕುಡಿದು ಹೊರಟರು. ದಲ್ಲಾಳಿ ಮಾತ್ರ ನನ್ನ ಮುಖ ನೋಡಲಿಲ್ಲ.

ಅಳಿಯನಿಗೆ ಪೂರ್ತಿ ಸಮಾಧಾನವಾಗಿದೆ ಎಂದು ನಾನು ಹೇಳಲಾರೆ. ಹುಣಸೆಹಣ್ಣು ದಾಸ್ತಾನಿಡುವ ಗೋದಾಮಿಗೆ ಜಾಗ ಕೇಳುತ್ತಿರುವವರೊಡನೆ ಮಾತು ನಡೆದಿದೆ. ಬಾಡಿಗೆ ಅರ್ಧಕ್ಕಿಂತ ಕಡಿಮೆ. ಸಾಲದ ಒಂದು ಕಂತಿಗೆ ನಾವು ಅಣ್ಣತಮ್ಮಂದಿರು ಕೈಹಾಕಿದ್ದೇವೆ. ಬೆಂಗಳೂರಿನ ಘಟಕ ಈಗ ಬೇರೆ ಯಾವುದೋ ತಾಲ್ಲೂಕಿನಲ್ಲಿ ಜಾಗ ನೋಡುತ್ತಿದೆಯಂತೆ. ಗಡಿಯ ಎರಡೂ ಬದಿಯಲ್ಲಿ, ಕರ್ನಾಟಕದ ಪಾವಗಡ, ಮೊಳಕಾಲ್ಮೂರು ಕಡೆಯಲ್ಲೂ ನಮ್ಮ ಕಡೆಯಲ್ಲೂ, ರಸ್ತೆಯ ಪಕ್ಕದ ಒಣ ಜಮೀನಿಗೆ ಇಂಥ ಗಿರಾಕಿಗಳು ಬರುವ ಕಾಲ ಇದು. ಜಮೀನು ಇರುವ ಬಂಧುಗಳು ಯಾರಾದರೂ ಕೇಳಿದರೆ ನನ್ನ ಬಳಿ ಆ ಷರತ್ತುಗಳ ಕಾಗದದ ನಕಲು ಉಂಟು.

ಹೊರಡುವ ಮುನ್ನ ಅಕ್ಕನ ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟು ಬಂದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ನೀರಿನ ಪರೀಕ್ಷೆ ಎಂದರೆ ಗಡಸು, ಉಪ್ಪು, ಫ್ಲೋರೈಡ್, ನೈಟ್ರೇಟ್ ನೋಡಿ ಕಳಿಸುತ್ತಾರೆ. ಕ್ರೋಮಿಯಂ, ನಿಕ್ಕೆಲ್, ಸೀಸ, ಕ್ಯಾಡ್ಮಿಯಂ ನೋಡಬೇಕೆಂದು ಬೇರೆಯಾಗಿ ಬರೆದು ಕೇಳಬೇಕು, ಅದಕ್ಕೆ ದುಡ್ಡೂ ಬೇರೆ. ಕಾರ್ಖಾನೆ ಬರುವ ಮೊದಲೇ ಮಾಡಿಸಿಟ್ಟರೆ ಆಮೇಲೆ ಯಾರೂ ಇದು ಮೊದಲಿಂದ ಇದ್ದದ್ದೇ ಎನ್ನುವಂತಿಲ್ಲ. ಹದಿನೈದು ದಿನಕ್ಕೆ ಕಾಗದ ಬಂತು. ಫ್ಲೋರೈಡ್ ಮಿತಿಗಿಂತ ಸ್ವಲ್ಪ ಹೆಚ್ಚು. ಅದು ನಮ್ಮ ಸೀಮೆಯ ಪಾಡು. ಉಳಿದ ಲೋಹಗಳ ಮುಂದೆಲ್ಲ ಇಲ್ಲ ಎಂದಿದೆ. ಅಕ್ಕ ಅದನ್ನು ಪಹಣಿ, ಪಟ್ಟಾ ಪುಸ್ತಕಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಮುಂದಿನ ಪರೀಕ್ಷೆ ಯುಗಾದಿ ಕಳೆದ ಮೇಲೆ.